‘ನಂಗೆ ನಾಚಿಕೆ ಜಾಸ್ತಿ’ ಅನ್ನುವ ಮಗಳು: ‘ನಾನು ಇಂಥವಳು’ ಅನ್ನೋದು ಎಲ್ಲಿಂದ ಬರುತ್ತದೆ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಹೊಸಬರು ಬಂದರೆ ನನ್ನ ಹಿಂದೆ ಅಡಗಿಕೊಳ್ಳುತ್ತಾಳೆ. ಮೊದಮೊದಲು ಬಂದವರೆಲ್ಲ ‘ಇವಳಿಗೆ ನಾಚಿಕೆ ಜಾಸ್ತಿ’ ಅನ್ನುತ್ತಿದ್ದರು. ಈಗ ಅವಳೇ ‘ನಂಗೆ ನಾಚಿಕೆ ಜಾಸ್ತಿ, ನಾನು ಮಾತಾಡಲ್ಲ’ ಅನ್ನುತ್ತಾಳೆ. ಕೇಳಿ ಎದೆ ಧಸಕ್ಕೆಂದಿತು. ಆಮೇಲೆ ನನ್ನ ಬಗ್ಗೆಯೇ ಯೋಚನೆ ಶುರುವಾಯಿತು. ಮನೆಯಲ್ಲಿ ನಾನೊಬ್ಬಳು, ಆಫೀಸಿನಲ್ಲಿ ಇನ್ನೊಬ್ಬಳು, ಹಳೇ ಗೆಳತಿಯರ ಜೊತೆ ಮತ್ತೊಬ್ಬಳು. ‘ನಾನು ಇಂಥವಳು’ ಅನ್ನೋದನ್ನು ಹುಟ್ಟುವಾಗಲೇ ತರುತ್ತೇವಾ, ಸುತ್ತಲಿನವರು ತುಂಬುತ್ತಾರಾ? ಅವರು ತುಂಬೋದಾದರೆ ನನ್ನದು ಅಂತ ಏನು ಉಳಿಯಿತು?

ಉತ್ತರ: ನಿಮ್ಮ ಮಗಳ ಆ ಮಾತಿನಲ್ಲಿ ಎರಡು ವಿಷಯ ಸೇರಿಕೊಂಡಿವೆ. ಬೇರೆಯವರ ಕಣ್ಣಿನಿಂದ ತನ್ನನ್ನು ತಾನು ನೋಡಿಕೊಳ್ಳೋದನ್ನು ಅವಳು ಕಲಿತಿದ್ದಾಳೆ. ಇದು ಖುಷಿಪಡಬೇಕಾದ ಬೆಳವಣಿಗೆ. ಜೊತೆಗೆ, ಅವರು ಹೇಳಿದ್ದನ್ನು ಪೂರ್ತಿ ನಂಬಿಬಿಟ್ಟಿದ್ದಾಳೆ. ನಿಮಗೆ ಕಳವಳ ತಂದಿರೋದು ಇದು. ಮೊದಲನೆಯದನ್ನು ತಡೆಯೋಕೆ ಆಗಲ್ಲ, ತಡೆಯಲೂಬಾರದು. ಎರಡನೆಯದನ್ನು ಖಂಡಿತ ಸಡಿಲ ಮಾಡಬಹುದು.

ಸ್ವಭಾವದ ಒಂದು ಪಾಲನ್ನು ನಾವು ಹುಟ್ಟುವಾಗಲೇ ತರುತ್ತೇವೆ. ಆದರೆ ‘ನಾನು ಇಂಥವಳು’ ಅನ್ನುವ ತಿಳುವಳಿಕೆಯನ್ನು ಯಾರೂ ಹೊತ್ತು ತರುವುದಿಲ್ಲ. ಅದು ಬೇರೆಯವರ ಜೊತೆ ಬದುಕುತ್ತಾ ನಾವು ಕಟ್ಟಿಕೊಳ್ಳುವಂಥದ್ದು. ಹಾಗಂತ ಬೇರೆಯವರು ತುಂಬಿದ್ದೇ ನಾವು ಅಂತಲೂ ಅಲ್ಲ. ಅವರು ನಮ್ಮನ್ನು ಹೇಗೆ ನೋಡುತ್ತಿರಬಹುದು ಅಂತ ನಾವು ಊಹಿಸುತ್ತೇವೆ. ಆ ಊಹೆಗೆ ನಾವೇ ಒಂದು ಉತ್ತರವನ್ನೂ ಕೊಡುತ್ತೇವೆ. ಊಹೆ ತಪ್ಪಿರಬಹುದು, ಉತ್ತರ ಬದಲಾಗಬಹುದು. ನಿಮ್ಮ ಮೂರು ಪ್ರಶ್ನೆಗಳಿಗೂ ದಾರಿ ಸಿಗೋದು ಇಲ್ಲೇ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ತಿಂಗಳುಗಳಿಂದ ಶುರು ಮಾಡೋಣ. ಮೂರ್ನಾಲ್ಕು ತಿಂಗಳ ಮಗುವನ್ನು ಮಾತಾಡಿಸಿ ನೋಡಿ. ನೀವು ನಕ್ಕರೆ ಅದೂ ನಗುತ್ತದೆ. ಅದು ‘ಊಂ’ ಅಂದರೆ ನೀವೂ ‘ಊಂ’ ಅನ್ನುತ್ತೀರಿ. ಮಾತಿಲ್ಲದ ಈ ಮಾತುಕತೆ ಮಗುವಿಗೆ ಎಷ್ಟು ಮುಖ್ಯ ಅನ್ನೋದನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮತ್ತು ಜೊತೆಯವರು 1970ರ ದಶಕದಲ್ಲಿ ತೋರಿಸಿದರು. ತಾಯಿ ಮೊದಲು ಎಂದಿನಂತೆ ಮಗುವಿನ ಜೊತೆ ಆಡುತ್ತಾಳೆ. ಆಮೇಲೆ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಮಗುವನ್ನೇ ನೋಡುತ್ತಾ ಸುಮ್ನೆ ಕೂರುತ್ತಾಳೆ. ಮಗು ಮೊದಲು ನಗುತ್ತದೆ. ತಾಯಿ ನಗುವುದಿಲ್ಲ. ಕೈ ಚಾಚುತ್ತದೆ, ಸದ್ದು ಮಾಡುತ್ತದೆ, ಮತ್ತೆ ಮುಖ ನೋಡುತ್ತದೆ. ಕೊನೆಗೆ ಸೋತು ಮುಖ ತಿರುಗಿಸಿ ಮುದುಡಿಕೊಳ್ಳುತ್ತದೆ. ಅಷ್ಟು ಚಿಕ್ಕ ವಯಸ್ಸಿಗೇ ಅದಕ್ಕೊಂದು ನಿರೀಕ್ಷೆ ಹುಟ್ಟಿದೆ: ನಾನು ಏನಾದರೂ ಮಾಡಿದರೆ ಎದುರಿಗಿರುವವರಲ್ಲಿ ಏನೋ ಆಗುತ್ತದೆ. ‘ನಾನು’ ಅನ್ನೋದರ ಮೊದಲ ಮೊಳಕೆ ಈ ನಿರೀಕ್ಷೆಯೇ.

ಇದನ್ನು ಓದಿ ‘ಅಯ್ಯೋ, ನಾನು ಎಷ್ಟೋ ಸಲ ಫೋನ್ ನೋಡುತ್ತಾ ಮಗುವಿಗೆ ಗಮನ ಕೊಟ್ಟಿಲ್ಲವಲ್ಲ’ ಅಂತ ಕೊರಗಬೇಡಿ. ದಿನನಿತ್ಯದ ಒಡನಾಟದಲ್ಲಿ ತಾಯಿಗೂ ಮಗುವಿಗೂ ತಾಳ ತಪ್ಪುತ್ತಲೇ ಇರುತ್ತದೆ. ತಪ್ಪಿದ್ದು ಮತ್ತೆ ಕೂಡಿಕೊಳ್ಳುತ್ತದಲ್ಲ, ಅದೇ ಮುಖ್ಯ ಅಂತ ಟ್ರಾನಿಕ್ ಅವರ ಮುಂದಿನ ಕೆಲಸವೂ ಹೇಳುತ್ತದೆ.

ಒಂದು ವರ್ಷದ ಹೊತ್ತಿಗೆ ಮಗು ಇನ್ನೂ ಮುಂದೆ ಹೋಗಿರುತ್ತದೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗಟ್ಟಿ ಗಾಜಿನ ಮೇಜಿನ ಮೇಲೆ ಮಕ್ಕಳನ್ನು ಬಿಟ್ಟರು. ಅರ್ಧ ದಾರಿಯಲ್ಲಿ ಗಾಜಿನ ಕೆಳಗೆ ಸಣ್ಣ ಹಳ್ಳ ಇದ್ದಂತೆ ಕಾಣುತ್ತದೆ. ದಾಟಬೇಕೋ ಬೇಡವೋ ಅಂತ ಗೊತ್ತಾಗದಷ್ಟು ಆಳ. ಆ ಅಂಚಿಗೆ ಬಂದ ಮಗು ತಲೆ ಎತ್ತಿ ಆ ಕಡೆ ನಿಂತ ತಾಯಿಯ ಮುಖ ನೋಡುತ್ತದೆ. ತಾಯಿ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿಬಂದವು. ಹೆದರಿದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ಹಳ್ಳ ಅದೇ, ಗಾಜು ಅದೇ. ಬೇರೆಯಾಗಿದ್ದು ಒಂದು ಮುಖ ಮಾತ್ರ. ಇಲ್ಲಿ ಮಗು ಓದುತ್ತಿರೋದು ಹಳ್ಳದ ಬಗ್ಗೆ ತಾಯಿಗೆ ಏನು ಅನ್ನಿಸುತ್ತದೆ ಅನ್ನೋದನ್ನು. ಮುಂದೊಂದು ದಿನ ಅದೇ ಮಗು ಅದೇ ಮುಖದಲ್ಲಿ ‘ನನ್ನ ಬಗ್ಗೆ ಇವಳಿಗೆ ಏನು ಅನ್ನಿಸುತ್ತದೆ’ ಅಂತ ಓದಲು ಶುರು ಮಾಡುತ್ತದೆ.

ಆ ದಿನ ಬಂತು ಅಂತ ತಿಳಿಯೋಕೆ ಕನ್ನಡಿ ಪರೀಕ್ಷೆ ಅಂತ ಒಂದಿದೆ. ಮಗುವಿಗೆ ಗೊತ್ತಾಗದಂತೆ ಮೂಗಿನ ಹತ್ತಿರ ಸ್ವಲ್ಪ ಬಣ್ಣ ಹಚ್ಚಿ ಕನ್ನಡಿ ಮುಂದೆ ಬಿಡೋದು. ಒಂದು ವರ್ಷದ ಮಗು ಕನ್ನಡಿಯಲ್ಲಿ ಯಾರೋ ಬೇರೆ ಮಗು ಇದೆ ಅನ್ನುವಂತೆ ಆಡುತ್ತದೆ. ಒಂದೂವರೆಯಿಂದ ಎರಡು ವರ್ಷದೊಳಗೆ ಬಹಳಷ್ಟು ಮಕ್ಕಳು ಕನ್ನಡಿ ನೋಡಿ ಕೈಯನ್ನು ತಮ್ಮದೇ ಮೂಗಿಗೆ ಒಯ್ಯುತ್ತಾರೆ. ಮಕ್ಕಳ ಮೇಲೆ ಈ ಪರೀಕ್ಷೆ ಮಾಡಿ 1972ರಲ್ಲಿ ಬರೆದವರು ಬ್ಯೂಲಾ ಆಮ್‌ಸ್ಟರ್‌ಡ್ಯಾಮ್. ಅದಕ್ಕೆ ಎರಡು ವರ್ಷ ಮೊದಲು ಗಾರ್ಡನ್ ಗ್ಯಾಲಪ್ ಚಿಂಪಾಂಜಿಗಳ ಮೇಲೆ ಇಂಥದ್ದೇ ಪರೀಕ್ಷೆ ಮಾಡಿದ್ದರು. ಚಿಂಪಾಂಜಿಗಳು ಕನ್ನಡಿ ನೋಡಿ ತಮ್ಮ ಹುಬ್ಬಿನ ಮೇಲಿನ ಕೆಂಪು ಗುರುತನ್ನು ಮುಟ್ಟಿಕೊಂಡವು.

ಗ್ಯಾಲಪ್ ಅವರದೇ 1971ರ ಕೆಲಸ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಬೇರೆ ಚಿಂಪಾಂಜಿಗಳ ಒಡನಾಟವೇ ಇಲ್ಲದೆ ಒಂಟಿಯಾಗಿ ಬೆಳೆದ ಚಿಂಪಾಂಜಿಗಳ ಮುಂದೆ ಕನ್ನಡಿ ಇಟ್ಟಾಗ ಅವು ತಮ್ಮನ್ನು ಗುರುತಿಸಿದ ಲಕ್ಷಣವೇ ಕಾಣಲಿಲ್ಲ. ಕಣ್ಣಿತ್ತು, ಮಿದುಳಿತ್ತು, ಕನ್ನಡಿಯೂ ಇತ್ತು. ತಮ್ಮನ್ನು ನೋಡುವ ಇನ್ನೊಂದು ಜೀವ ಇರಲಿಲ್ಲ. ಇನ್ನೊಬ್ಬರು ಇಲ್ಲದೆ ‘ನಾನು’ ಇಲ್ಲ ಅನ್ನೋದಕ್ಕೆ ನನಗೆ ಗೊತ್ತಿರುವ ಪುರಾವೆಗಳಲ್ಲಿ ಇದು ಮನಸ್ಸಿಗೆ ನಾಟುವಂಥದ್ದು.

ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡುವ ಹಾಗಿಲ್ಲ, ಮಾಡಲೂಬಾರದು. ಆದರೆ ಕ್ರೌರ್ಯ ಕೆಲವೊಮ್ಮೆ ಅಂಥ ಸಂದರ್ಭವನ್ನು ತಂದಿಟ್ಟಿದೆ. ಸಮಾಜಶಾಸ್ತ್ರಜ್ಞ ಕಿಂಗ್ಸ್‌ಲಿ ಡೇವಿಸ್ ಬರೆದ ಇಬ್ಬರು ಹುಡುಗಿಯರ ವಿಷಯ ಹೇಳುತ್ತೇನೆ. ಅವರ ದಾಖಲೆಯಲ್ಲಿ ಒಬ್ಬಳ ಹೆಸರು ಆನ್ನಾ, ಇನ್ನೊಬ್ಬಳು ಇಸಬೆಲ್. ಇಬ್ಬರೂ 1938ರಲ್ಲಿ ಅಮೆರಿಕದಲ್ಲಿ ಪತ್ತೆಯಾದರು. ಇಬ್ಬರಿಗೂ ಹತ್ತಿರಹತ್ತಿರ ಆರು ವರ್ಷ. ಆನ್ನಾಳನ್ನು ಮೇಲಿನ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟಿದ್ದರು. ಸಿಕ್ಕಾಗ ಅವಳಿಗೆ ನಡೆಯೋಕೂ ಬರುತ್ತಿರಲಿಲ್ಲ, ಮಾತಾಡೋಕೂ ಬರುತ್ತಿರಲಿಲ್ಲ. ಮುಂದಿನ ನಾಲ್ಕು ವರ್ಷದಲ್ಲಿ ಸ್ವಲ್ಪ ಕಲಿತಳು, ಗೊಂಬೆಯನ್ನು ಹಚ್ಚಿಕೊಂಡಳು, 1942ರಲ್ಲಿ ತೀರಿಕೊಂಡಳು. ಇಸಬೆಲ್‌ಳನ್ನೂ ಕತ್ತಲೆ ಕೋಣೆಯಲ್ಲಿ ಇಟ್ಟಿದ್ದರು. ಆದರೆ ಜೊತೆಗೆ ತಾಯಿ ಇದ್ದಳು. ತಾಯಿಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಇಬ್ಬರೂ ಕೈಸನ್ನೆಯಲ್ಲೇ ಬದುಕಿದ್ದರು. ಹೊರಗೆ ಬಂದು, ಪರಿಣತರಿಂದ ತರಬೇತಿ ಸಿಕ್ಕ ಮೇಲೆ ಸುಮಾರು ಎರಡೇ ವರ್ಷದಲ್ಲಿ ಇಸಬೆಲ್ ತನ್ನ ವಯಸ್ಸಿನ ಮಕ್ಕಳ ಮಟ್ಟಕ್ಕೆ ಬಂದಳು. ಆನ್ನಾಳಿಗೆ ಹುಟ್ಟಿನಿಂದಲೇ ಏನಾದರೂ ಕೊರತೆ ಇದ್ದಿರಬಹುದು ಅಂತ ಡೇವಿಸ್ ಅವರೇ ಎಚ್ಚರಿಸಿದ್ದಾರೆ. ಹಾಗಾಗಿ ಇಬ್ಬರನ್ನು ಅಕ್ಕಪಕ್ಕ ಇಟ್ಟು ತೂಗೋದು ಪೂರ್ತಿ ಸರಿಯಲ್ಲ. ಆದರೂ ಕೈಸನ್ನೆ ಮಾಡುವ ಒಬ್ಬ ತಾಯಿ ಜೊತೆಗಿದ್ದದ್ದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ಈಗ ನಿಮ್ಮ ಮಗಳ ವಯಸ್ಸಿಗೆ ಬರೋಣ. ಎರಡರ ಆಸುಪಾಸಿನಲ್ಲಿ ಮಕ್ಕಳು ‘ಪಾಪುಗೆ ಬೇಕು’ ಅನ್ನೋದನ್ನು ಬಿಟ್ಟು ‘ನಂಗೆ ಬೇಕು’ ಅನ್ನತೊಡಗುತ್ತಾರೆ. ಎಲ್ಲರೂ ನೋಡಿದರೆ ಮುಜುಗರಪಡುತ್ತಾರೆ. ಮೂರರ ಹೊತ್ತಿಗೆ ಹೆಮ್ಮೆ, ಅವಮಾನ ಎರಡೂ ಮುಖದಲ್ಲಿ ಕಾಣುತ್ತವೆ. ನಾಚಿಕೆಪಡೋಕೂ ‘ನಾನು’ ಅನ್ನೋದೊಂದು ಇರಬೇಕಲ್ವಾ. ಆರು ತಿಂಗಳ ಕೂಸು ಹೊಸಬರನ್ನು ಕಂಡು ಅಳಬಹುದು, ಆದರೆ ‘ಇವರು ನನ್ನ ಬಗ್ಗೆ ಏನಂದುಕೊಂಡಾರು’ ಅಂತ ಅಳುವುದಿಲ್ಲ.

ಅಡಗಿಕೊಳ್ಳೋದರ ಬಗ್ಗೆ ಒಂದು ಮಾತು. ಪುಟ್ಟ ಮಕ್ಕಳು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ‘ನಾನು ಕಾಣ್ತಿಲ್ಲ’ ಅನ್ನೋದನ್ನು ನೀವು ನೋಡಿರುತ್ತೀರಿ. ಬ್ರಿಟನ್ನಿನ ಜೇಮ್ಸ್ ರಸೆಲ್ ಮತ್ತು ಜೊತೆಯವರು 2012ರಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳನ್ನು ಇದರ ಬಗ್ಗೆಯೇ ಕೇಳಿದರು. ಕಣ್ಣು ಮುಚ್ಚಿಕೊಂಡ ಮಗುವಿಗೆ ‘ನೀನು ಕಾಣ್ತಾ ಇದ್ದೀಯಾ?’ ಅಂದರೆ ಬಹಳಷ್ಟು ಮಕ್ಕಳು ‘ಇಲ್ಲ’ ಅಂದರು. ‘ನಿನ್ನ ತಲೆ ಕಾಣ್ತಾ ಇದೆಯಾ?’ ಅಂದರೆ ‘ಹೂಂ’ ಅಂದರು. ತಲೆ ಕಾಣುತ್ತದೆ, ಆದರೆ ‘ನಾನು’ ಕಾಣುವುದಿಲ್ಲ! ಆ ವಯಸ್ಸಿನ ಮಗುವಿನ ಲೆಕ್ಕದಲ್ಲಿ ಕಣ್ಣಿಗೆ ಕಣ್ಣು ಕೂಡಿದರೆ ಮಾತ್ರ ‘ನಾನು’ ಕಂಡ ಹಾಗೆ. ನಿಮ್ಮ ಮಗಳು ನಿಮ್ಮ ಹಿಂದೆ ಹೋಗುವಾಗ ಬರೀ ಮೈಯನ್ನು ಬಚ್ಚಿಡುತ್ತಿಲ್ಲ, ಆ ಕಣ್ಣುಗಳ ಭೇಟಿಯನ್ನೂ ತಪ್ಪಿಸಿಕೊಳ್ಳುತ್ತಿದ್ದಾಳೆ ಅಂತ ನಾನು ಓದಿಕೊಳ್ಳುತ್ತೇನೆ. ಅವಳಿಗೆ ಅದು ಸ್ವಲ್ಪ ಉಸಿರಾಡಲು ಸಿಗುವ ಜಾಗ. ತಕ್ಷಣ ಎಳೆದು ಮುಂದೆ ನಿಲ್ಲಿಸಬೇಡಿ.

ಇನ್ನು ‘ಊಹೆ’ ಅಂದೆನಲ್ಲ, ಅದಕ್ಕೆ ಬರುತ್ತೇನೆ. 1902ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ ಒಂದು ಮಾತು ಹೇಳಿದರು. ಬೇರೆಯವರು ನಮಗೆ ಕನ್ನಡಿ ಇದ್ದ ಹಾಗೆ. ಮೊದಲು, ನಾನು ಇವರಿಗೆ ಹೇಗೆ ಕಾಣುತ್ತೇನೆ ಅಂತ ಕಲ್ಪಿಸಿಕೊಳ್ಳುತ್ತೇವೆ. ಆಮೇಲೆ, ಹಾಗೆ ಕಂಡ ನನ್ನನ್ನು ಇವರು ಏನಂತ ಅಳೆಯುತ್ತಾರೆ ಅಂತ ಕಲ್ಪಿಸಿಕೊಳ್ಳುತ್ತೇವೆ. ಅದರಿಂದ ಹೆಮ್ಮೆಯೋ ಕೀಳರಿಮೆಯೋ ಹುಟ್ಟುತ್ತದೆ. ಕೂಲಿ ಅವರ ಈ ಮಾತನ್ನು ಉಲ್ಲೇಖಿಸುವ ಎಷ್ಟೋ ಜನ ‘ಬೇರೆಯವರು ನಮ್ಮನ್ನು ಹೇಗೆ ನೋಡುತ್ತಾರೋ ಹಾಗೆ ನಾವು ಆಗುತ್ತೇವೆ’ ಅಂತ ಚಿಕ್ಕದಾಗಿಸಿಬಿಡುತ್ತಾರೆ. ಕೂಲಿ ಹೇಳಿದ್ದು ಅದಲ್ಲ. ಮೊದಲ ಎರಡು ಹೆಜ್ಜೆಯಲ್ಲೂ ಕಲ್ಪಿಸಿಕೊಳ್ಳುವವರು ನಾವೇ. ಅವರ ತಲೆಯೊಳಗೆ ಏನಿದೆ ಅನ್ನೋದು ನಮಗೆ ಕಾಣುವುದೇ ಇಲ್ಲ.

ಈ ವ್ಯತ್ಯಾಸ ಸಣ್ಣದಲ್ಲ. 1979ರಲ್ಲಿ ಶ್ರಾಗರ್ ಮತ್ತು ಶೋನಮನ್ ಅನ್ನುವ ಇಬ್ಬರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಜನ ತಮ್ಮ ಬಗ್ಗೆ ಅಂದುಕೊಂಡಿದ್ದಕ್ಕೂ, ಬೇರೆಯವರು ತಮ್ಮನ್ನು ಹೀಗೆ ನೋಡುತ್ತಾರೆ ಅಂತ ಅವರು ನಂಬಿದ್ದಕ್ಕೂ ಚೆನ್ನಾಗಿ ತಾಳೆಯಾಯಿತು. ಆದರೆ ಬೇರೆಯವರು ನಿಜವಾಗಿ ಅವರನ್ನು ನೋಡಿದ ರೀತಿಗೂ ಅದಕ್ಕೂ ಅಷ್ಟಾಗಿ ತಾಳೆಯಾಗಲಿಲ್ಲ. ಅಂದರೆ ನಮ್ಮನ್ನು ರೂಪಿಸುವುದರಲ್ಲಿ ಅವರ ನೋಟಕ್ಕಿಂತ ಅವರ ನೋಟದ ಬಗ್ಗೆ ನಮಗಿರುವ ಊಹೆಯ ಪಾಲೇ ಜಾಸ್ತಿ. ಇದಕ್ಕೊಂದು ಕಾರಣವೂ ಇದೆ. ದೊಡ್ಡವರು ಒಬ್ಬರಿಗೊಬ್ಬರು ಮನಸ್ಸಿನಲ್ಲಿರೋದನ್ನು ನೇರವಾಗಿ ಹೇಳೋದು ಕಡಿಮೆ. ಹೇಳದೆ ಬಿಟ್ಟ ಜಾಗವನ್ನು ನಾವೇ ತುಂಬಿಕೊಳ್ಳುತ್ತೇವೆ. ಹಳೇ ಹೆದರಿಕೆ ಇದ್ದವರು ಹೆದರಿಕೆಯಿಂದ, ಪ್ರೀತಿ ಕಂಡವರು ಪ್ರೀತಿಯಿಂದ.

ಪುಟ್ಟ ಮಕ್ಕಳ ವಿಷಯದಲ್ಲಿ ಮಾತ್ರ ಹೀಗಲ್ಲ. ಅವರ ಮುಖದ ಮೇಲೆಯೇ ಹೇಳಿಬಿಡುತ್ತೇವೆ: ಹಠಮಾರಿ, ಬುದ್ಧಿವಂತೆ, ಪುಕ್ಕಲು, ನಾಚಿಕೆ ಸ್ವಭಾವ. ಮಗು ಪಕ್ಕದಲ್ಲೇ ನಿಂತಿರುತ್ತದೆ, ನಾವು ಅದು ಅಲ್ಲಿ ಇಲ್ಲವೇನೋ ಅನ್ನುವಂತೆ ಮಾತಾಡುತ್ತೇವೆ. ಅದಕ್ಕೆ ಊಹಿಸುವ ಕೆಲಸವನ್ನೂ ಬಿಡುವುದಿಲ್ಲ. ನನಗೆ ಈ ಅಭ್ಯಾಸದ ಬಗ್ಗೆ ನಿಜಕ್ಕೂ ಬೇಸರವಿದೆ. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ ಅನ್ನೋದು ಗೊತ್ತು, ಆದರೂ.

ಕೂಲಿ ಅವರ ಸಮಕಾಲೀನ ಜಾರ್ಜ್ ಹರ್ಬರ್ಟ್ ಮೀಡ್ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. 1931ರಲ್ಲಿ ತೀರಿಕೊಂಡರು. ‘ನಾನು’ ಹೇಗೆ ಮೂಡುತ್ತದೆ ಅನ್ನುವ ಅವರ ಪಾಠಗಳನ್ನು ವಿದ್ಯಾರ್ಥಿಗಳ ಟಿಪ್ಪಣಿಗಳಿಂದ ಒಟ್ಟುಮಾಡಿ 1934ರಲ್ಲಿ ಪುಸ್ತಕ ಮಾಡಿದರು. ಅವರ ಕಣ್ಣು ಹೋಗಿದ್ದು ಮಕ್ಕಳ ಆಟದ ಕಡೆಗೆ. ನಾಲ್ಕು ವರ್ಷದ ಮಗು ಡಾಕ್ಟರ್ ಆಟ ಆಡೋದನ್ನು ಸುಮ್ನೆ ಕೂತು ನೋಡಿ. ‘ಬಾಯಿ ತೆಗಿ, ಆ ಅನ್ನು’ ಅಂತ ಗಂಭೀರವಾಗಿ ಹೇಳುತ್ತದೆ. ಮರುಕ್ಷಣ ತಾನೇ ರೋಗಿಯಾಗಿ ‘ಸೂಜಿ ಬೇಡ’ ಅಂತ ಅಳುತ್ತದೆ. ಮತ್ತೆ ಡಾಕ್ಟರಾಗಿ ‘ಏನೂ ಆಗಲ್ಲ, ಅಳಬಾರದು’ ಅನ್ನುತ್ತದೆ. ಇಲ್ಲಿ ಮಗು ತನ್ನಿಂದ ಹೊರಗೆ ಬಂದು, ಇನ್ನೊಬ್ಬರ ಜಾಗದಲ್ಲಿ ನಿಂತು, ತನ್ನತ್ತ ತಿರುಗಿ ಮಾತಾಡುತ್ತಿದೆ. ತನ್ನ ಜೊತೆ ತಾನೇ ಮಾತಾಡೋದನ್ನು ನಾವೆಲ್ಲ ಕಲಿತಿದ್ದು ಹೀಗೇ.

ಸ್ವಲ್ಪ ದೊಡ್ಡವರಾದಾಗ ತಂಡದ ಆಟ ಬರುತ್ತದೆ. ಮೀಡ್ ಕೊಟ್ಟ ಉದಾಹರಣೆ ಬೇಸ್‌ಬಾಲ್. ಅಲ್ಲಿ ಒಬ್ಬರ ಪಾತ್ರ ಗೊತ್ತಿದ್ದರೆ ಸಾಲದು. ಚೆಂಡು ಎಸೆಯುವವನು, ಹಿಡಿಯುವವನು, ಓಡುವವನು, ಎಲ್ಲರೂ ಏನು ಮಾಡಬಹುದು ಅನ್ನೋದನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಬೇಕು. ಆ ಹೊತ್ತಿಗೆ ಮಗುವಿನ ಮನಸ್ಸಿನಲ್ಲಿ ಅಮ್ಮ, ಟೀಚರ್, ಗೆಳತಿ ಅಂತ ಬಿಡಿಬಿಡಿಯಾಗಿ ಇದ್ದ ಕಣ್ಣುಗಳ ಜೊತೆಗೆ ‘ಎಲ್ಲರೂ’ ಅನ್ನುವ ಇನ್ನೊಂದು ಕಣ್ಣು ಸೇರಿಕೊಳ್ಳುತ್ತದೆ. ‘ನಾಲ್ಕು ಜನ ಏನಂತಾರೆ’ ಅನ್ನುತ್ತೇವಲ್ಲ, ಆ ನಾಲ್ಕು ಜನ ನಮ್ಮ ಮನಸ್ಸಿನೊಳಗೆ ಮನೆ ಮಾಡೋದು ಆಗಲೇ.

ಎಲ್ಲಾ ಸಮಾಜದಲ್ಲೂ ಇದು ಒಂದೇ ದಾರಿಯಲ್ಲಿ ನಡೆಯುವುದಿಲ್ಲ. 2004ರಲ್ಲಿ ಹೈಡಿ ಕೆಲ್ಲರ್ ಮತ್ತು ಜೊತೆಯವರು ಕ್ಯಾಮರೂನಿನ ನ್ಸೋ ಜನ, ಗ್ರೀಸ್ ಮತ್ತು ಕೋಸ್ಟರಿಕಾದ ಪುಟ್ಟ ಮಕ್ಕಳನ್ನು ಹೋಲಿಸಿದರು. ಮುಖಕ್ಕೆ ಮುಖ ಕೊಟ್ಟು ಆಡಿಸೋದು ಜಾಸ್ತಿ ಇದ್ದ ಗ್ರೀಸಿನಲ್ಲಿ ಮಕ್ಕಳು ಕನ್ನಡಿಯಲ್ಲಿ ತಮ್ಮನ್ನು ಬೇಗ ಗುರುತಿಸಿದರು. ಮೈಗೆ ಮೈ ತಾಗಿಸಿ ಬೆಳೆಸೋದು ಜಾಸ್ತಿ ಇದ್ದ ನ್ಸೋ ಮಕ್ಕಳು ಅದರಲ್ಲಿ ಹಿಂದಿದ್ದರು, ಆದರೆ ಹೇಳಿದ್ದನ್ನು ಕೇಳಿ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳೋದರಲ್ಲಿ ಮುಂದಿದ್ದರು. ಇದರಲ್ಲಿ ಯಾರೂ ಮೇಲಲ್ಲ, ಕೀಳಲ್ಲ. ಬೆಳೆಸಿದ ರೀತಿಗೆ ತಕ್ಕಂತೆ ‘ನಾನು’ ಬೇರೆ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ, ಅಷ್ಟೇ.

ಸರಿ, ಮಗಳಿಗೆ ಏನು ಮಾಡೋದು?

ಮೊದಲು, ಅವಳು ಹುಟ್ಟಿನಿಂದ ತಂದದ್ದನ್ನು ಗೌರವಿಸಿ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಎಳೇ ವಯಸ್ಸಿನಿಂದ ಗಮನಿಸಲು ಶುರು ಮಾಡಿ, ದಶಕಗಳ ಕಾಲ ಅವರ ಬೆನ್ನು ಬಿಡಲಿಲ್ಲ. ಅವರಲ್ಲಿ ಸುಮಾರು 15 ಶೇಕಡಾ ಮಕ್ಕಳು ಹೊಸದಕ್ಕೆ ನಿಧಾನವಾಗಿ ಹೊಂದಿಕೊಳ್ಳುವವರು. ಮೊದಲು ಹಿಂದೆ ಸರಿಯುತ್ತಾರೆ, ನೋಡುತ್ತಾರೆ, ಆಮೇಲೆ ಒಂದೊಂದೇ ಹೆಜ್ಜೆ ಬರುತ್ತಾರೆ. ಅವಸರ ಮಾಡದಿದ್ದರೆ ಬಂದೇ ಬರುತ್ತಾರೆ. ಮಗುವಿನ ಸ್ವಭಾವಕ್ಕಿಂತ, ಸುತ್ತಲಿನವರು ಆ ಸ್ವಭಾವಕ್ಕೆ ಎಷ್ಟು ಹೊಂದಿಕೊಂಡರು ಅನ್ನೋದೇ ಮುಂದಿನದನ್ನು ಹೆಚ್ಚು ನಿರ್ಧರಿಸುತ್ತದೆ ಅಂತ ಆ ದಂಪತಿ ಕಂಡುಕೊಂಡರು.

ಹಾಗಾಗಿ ಯಾರಾದರೂ ‘ಇವಳಿಗೆ ನಾಚಿಕೆ ಜಾಸ್ತಿ ಅಲ್ವಾ’ ಅಂದರೆ ಅವಳಿಗೂ ಕೇಳುವಂತೆ ಹೇಳಿ: ‘ಅವಳಿಗೆ ಸ್ವಲ್ಪ ಹೊತ್ತು ಬೇಕು. ಆಮೇಲೆ ಬರ್ತಾಳೆ.’ ಇದು ನಿಜವೂ ಹೌದು. ನಾಚಿಕೆ ಅನ್ನೋದು ಅವಳ ಗುಣವಾಗಿ ಅಂಟಿಕೊಳ್ಳುವ ಬದಲು ಹತ್ತು ನಿಮಿಷದ ಸ್ಥಿತಿಯಾಗುತ್ತದೆ.

ಅದಕ್ಕೆ ಉಲ್ಟಾ ಹೆಸರು ಕಟ್ಟೋಕೆ ಮಾತ್ರ ಹೋಗಬೇಡಿ. ‘ಇಲ್ಲ, ನೀನು ತುಂಬಾ ಧೈರ್ಯವಂತೆ’ ಅನ್ನೋಕೆ ಮನಸ್ಸಾಗುತ್ತದೆ, ಗೊತ್ತು. ಆದರೆ ಒಳ್ಳೆ ಹೆಸರೂ ಭಾರವೇ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳ ಜೊತೆ ಮಾಡಿದ ಪ್ರಯೋಗ ನೋಡಿ. ಆಕಾರಗಳ ಒಗಟು ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಬುದ್ಧಿವಂತ’ ಅಂದರು, ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟೆ’ ಅಂದರು. ಆಮೇಲೆ ತುಂಬಾ ಕಷ್ಟದ ಒಗಟು ಕೊಟ್ಟರು. ಬುದ್ಧಿವಂತ ಅನ್ನಿಸಿಕೊಂಡವರು ಬೇಗ ಕೈಚೆಲ್ಲಿದರು. ತಮ್ಮ ಅಂಕಗಳ ಬಗ್ಗೆ ಸುಳ್ಳು ಹೇಳಿದವರೂ ಅವರಲ್ಲೇ ಜಾಸ್ತಿ. ಹೆಸರು ಕೈ ತಪ್ಪಿ ಹೋಗುತ್ತದೆ ಅನ್ನುವ ಭಯ ಅದು. ಧೈರ್ಯವಂತೆ ಅನ್ನಿಸಿಕೊಂಡ ನಿಮ್ಮ ಮಗಳು ಮುಂದಿನ ಸಲ ಅಡಗಿಕೊಂಡರೆ, ಅಡಗಿದ್ದರ ಮೇಲೆ ‘ನಾನು ಧೈರ್ಯವಂತೆಯೂ ಅಲ್ಲ’ ಅನ್ನುವ ಇನ್ನೊಂದು ಸೋಲು ಸೇರಿಕೊಳ್ಳುತ್ತದೆ. ಅವಳು ಮಾಡಿದ್ದನ್ನು ಹೇಳಿ, ಸಾಕು. ‘ಆವತ್ತು ಪಾರ್ಕಿನಲ್ಲಿ ಆ ಪಾಪು ಅಳ್ತಿತ್ತಲ್ಲ, ನೀನೇ ಹೋಗಿ ಚೆಂಡು ಕೊಟ್ಟೆ. ಆಮೇಲೆ ಏನಾಯ್ತು?’

ಕೊನೆಯ ಆ ಪ್ರಶ್ನೆ ಬಹಳ ಮುಖ್ಯ. ಕಳೆದ ದಿನಗಳ ಬಗ್ಗೆ ಮಕ್ಕಳ ಜೊತೆ ಹೀಗೆ ಬಿಡಿಸಿ ಬಿಡಿಸಿ ಮಾತಾಡುವ ಮನೆಗಳಲ್ಲಿ ಮಕ್ಕಳು ತಮ್ಮ ನೆನಪುಗಳನ್ನು ಹೆಚ್ಚು ವಿವರವಾಗಿ ಹೇಳಬಲ್ಲವರಾಗುತ್ತಾರೆ ಅಂತ ರಾಬಿನ್ ಫಿವುಷ್, ಎಲೈನ್ ರೀಸ್ ಮುಂತಾದವರು ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ್ದಾರೆ. ‘ನಾನು ಯಾರು’ ಅನ್ನೋದರಲ್ಲಿ ನೆನಪಿನ ಕಥೆಗಳದ್ದೇ ದೊಡ್ಡ ಪಾಲು. ನಿಮ್ಮ ಮಗಳ ಹತ್ತಿರ ಈಗ ತನ್ನ ಬಗ್ಗೆ ಒಂದೇ ಕಥೆ ಇದೆ. ಅದು ಸುಳ್ಳು ಅಂತ ವಾದಿಸೋದು ಬೇಡ. ಪಕ್ಕದಲ್ಲಿ ಇನ್ನಷ್ಟು ಕಥೆ ಇಡಿ. ಮಲಗುವ ಮುಂಚೆ ಒಂದೊಂದು ಸಾಕು.

ಆಟವನ್ನೂ ಬಳಸಿಕೊಳ್ಳಿ. ಅವಳು ಮನೆಗೆ ಬಂದ ಹೊಸಬಳಾಗಲಿ, ನೀವು ಅಡಗಿಕೊಳ್ಳುವ ಮಗುವಾಗಿ. ಅವಳು ನಿಮ್ಮನ್ನು ಹೇಗೆ ಮಾತಾಡಿಸುತ್ತಾಳೆ ನೋಡಿ. ಹೊಸಬರು ತನ್ನಿಂದ ಏನು ಬಯಸುತ್ತಾರೆ ಅಂತ ಅವಳು ಊಹಿಸಿಕೊಂಡಿದ್ದಾಳೋ ಅದು ಅಲ್ಲಿ ಬಾಯಿಗೆ ಬರುತ್ತದೆ. ಅದನ್ನು ಕೇಳಿಸಿಕೊಂಡರೆ, ಅವಳಿಗೆ ಹೆದರಿಕೆ ಎಲ್ಲಿದೆ ಅನ್ನೋದು ನಿಮಗೆ ನೇರವಾಗಿ ಕೇಳಿದ್ದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಒಂದು ಎಚ್ಚರಿಕೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಶಾಲೆಯಂಥ ಕಡೆ ಒಂದು ತಿಂಗಳಿಗೂ ಮೀರಿ ಬಾಯೇ ಬಿಡದಿದ್ದರೆ, ಅದು ಶಾಲೆಗೆ ಸೇರಿದ ಮೊದಲ ತಿಂಗಳ ಗಲಿಬಿಲಿಯೂ ಅಲ್ಲದಿದ್ದರೆ, ಮಕ್ಕಳ ಮನೋವೈದ್ಯರನ್ನು ಕಾಣಿ. ಅದು ನಾಚಿಕೆಯಲ್ಲ, ಆತಂಕದ ಒಂದು ರೂಪ. ಚಿಕ್ಕ ವಯಸ್ಸಿಗೇ ಸಹಾಯ ಸಿಕ್ಕರೆ ಬೇಗ ಸುಧಾರಿಸುತ್ತದೆ. ನೀವು ಬರೆದಿದ್ದನ್ನು ನೋಡಿದರೆ ನಿಮ್ಮ ಮಗಳದ್ದು ಹಾಗೆ ಕಾಣುವುದಿಲ್ಲ.

ಇನ್ನು ನಿಮ್ಮ ವಿಷಯ. ಮನೆಯಲ್ಲೊಂದು, ಆಫೀಸಿನಲ್ಲೊಂದು, ಗೆಳತಿಯರ ಜೊತೆ ಇನ್ನೊಂದು ಅಂದಿರಿ. ಅದರಲ್ಲಿ ಮೋಸ ಏನೂ ಇಲ್ಲ. ನಮ್ಮನ್ನು ಬಲ್ಲವರು ಎಷ್ಟು ಜನರೋ ಅಷ್ಟು ‘ನಾನು’ಗಳು ನಮಗಿವೆ ಅಂತ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದರು. 1950ರ ದಶಕದಲ್ಲಿ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ದಿನನಿತ್ಯದ ಬದುಕನ್ನು ರಂಗಸ್ಥಳದಂತೆ ನೋಡಿದರು. ಜನರ ಎದುರು ಒಂದು ನಡವಳಿಕೆ, ಪರದೆಯ ಹಿಂದೆ ಇನ್ನೊಂದು. ಪರದೆಯ ಹಿಂದಿನದೇ ಅಸಲಿ, ಎದುರಿನದೆಲ್ಲ ಮುಖವಾಡ ಅಂತ ಓದೋದು ಅವಸರದ ತೀರ್ಮಾನ. ಮಗುವಿಗೆ ಜ್ವರ ಬಂದಾಗ ನೀವು ತೋರಿಸುವ ತಾಳ್ಮೆ ಆಫೀಸಿನಲ್ಲಿ ಕಾಣದಿರಬಹುದು. ಅಲ್ಲಿನ ಖಡಾಖಂಡಿತ ಮಾತು ಮನೆಯಲ್ಲಿ ಬೇಕಾಗದಿರಬಹುದು. ಎರಡೂ ನಿಮ್ಮವೇ. ಯಾವ ಜಾಗದಲ್ಲಿ ಇದ್ದು ಬಂದ ಮೇಲೂ ನಿಮಗೆ ಪ್ರತಿ ಸಲ ಸುಸ್ತು, ಅವಮಾನ ಅನ್ನಿಸುತ್ತದೋ ಅದನ್ನು ಮಾತ್ರ ಗಮನಿಸಿ. ಅಲ್ಲಿ ನೀವು ಪಾತ್ರ ಬದಲಾಯಿಸುತ್ತಿಲ್ಲ, ನಿಮ್ಮನ್ನೇ ಅದುಮಿಡುತ್ತಿದ್ದೀರಿ.

‘ನನ್ನದು ಅಂತ ಏನು ಉಳಿಯಿತು’ ಅನ್ನುವ ಪ್ರಶ್ನೆಗೆ ಮೀಡ್ ಅವರ ಉತ್ತರವೇ ನನಗೆ ಇವತ್ತಿಗೂ ಸರಿ ಅನ್ನಿಸುತ್ತದೆ. ಅವರು ‘ನಾನು’ವಿನಲ್ಲಿ ಎರಡು ಮಗ್ಗುಲು ಕಂಡರು. ಒಂದು, ಬೇರೆಯವರಿಂದ ಒಳಗೆ ಬಂದು ನೆಲೆಸಿದ್ದು: ನಿಯಮ, ನಿರೀಕ್ಷೆ, ಹೆಸರು. ಇನ್ನೊಂದು, ಅದಕ್ಕೆಲ್ಲ ಈ ಕ್ಷಣ ಎದ್ದು ಉತ್ತರ ಕೊಡುವಂಥದ್ದು. ಆ ಉತ್ತರ ಏನಾಗಿರುತ್ತದೆ ಅಂತ ಕೊಡುವ ತನಕ ನಮಗೂ ಪೂರ್ತಿ ಗೊತ್ತಿರುವುದಿಲ್ಲ. ಕೆಲವು ಸಲ ಬಾಯಿಂದ ಬಂದ ಮಾತು ಕೇಳಿ ‘ನಾನೇನಾ ಹೀಗಂದಿದ್ದು’ ಅಂತ ನಮಗೇ ಆಶ್ಚರ್ಯ ಆಗುವುದಿಲ್ಲವಾ? ಒಂದೇ ಮನೆಯಲ್ಲಿ, ಒಂದೇ ಮಾತು ಕೇಳಿ ಬೆಳೆದ ಇಬ್ಬರು ಮಕ್ಕಳಲ್ಲಿ ಒಬ್ಬಳು ಅದನ್ನು ನಂಬುತ್ತಾಳೆ, ಇನ್ನೊಬ್ಬಳು ತಿರುಗಿ ಬೀಳುತ್ತಾಳೆ. ಮಾತು ಹೊರಗಿನದು. ಉತ್ತರ ಅವರವರದು.

ದೊಡ್ಡವರಾದ ಮೇಲೂ ಇದು ನಿಲ್ಲುವುದಿಲ್ಲ. ಹೊಸ ಕೆಲಸ, ತಾಯ್ತನ, ಅಗಲಿಕೆ, ನಿವೃತ್ತಿ, ಪ್ರತಿಯೊಂದೂ ಹೊಸ ಕಣ್ಣುಗಳನ್ನು ತರುತ್ತದೆ. ಆದರೆ ದೊಡ್ಡವರಿಗೆ ಒಂದು ಅನುಕೂಲ ಇದೆ, ಊಹೆಯನ್ನು ಪರೀಕ್ಷಿಸಿ ನೋಡಬಹುದು. ಥಾಮಸ್ ಗಿಲೋವಿಚ್ ಮತ್ತು ಜೊತೆಯವರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರದ ಟಿ-ಶರ್ಟ್ ಹಾಕಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಹಾಕಿಕೊಂಡವರು ಹೆಚ್ಚುಕಡಿಮೆ ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂದುಕೊಂಡರು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ. ಮುಂದಿನ ಸಲ ಮೀಟಿಂಗ್ ಮುಗಿಸಿ ಬಂದು ‘ಎಲ್ಲರಿಗೂ ನಾನು ದಡ್ಡಿ ಅನ್ನಿಸಿರಬೇಕು’ ಅಂತ ಮನಸ್ಸು ಹೇಳಿದಾಗ, ನಂಬಿಕೆಯ ಒಬ್ಬರನ್ನು ಕೇಳಿ. ‘ನಾನು ಹೇಗೆ ಮಾತಾಡಿದೆ’ ಅಂತ ಕೇಳಬೇಡಿ, ‘ಚೆನ್ನಾಗಿತ್ತು’ ಅಂದುಬಿಡುತ್ತಾರೆ. ‘ನಾನು ಹೇಳಿದ್ದರಲ್ಲಿ ನಿಮಗೆ ಏನು ನೆನಪಿದೆ’ ಅಂತ ಕೇಳಿ.